ಬಣ್ಣಗಾರ ಓಣಿಯ ಕೈ

ನಾನು ಹುಟ್ಟಿದ ಊರಿನಲ್ಲಿ ಪ್ರತಿ ಓಣಿಯ ಎರಡೂ ಬದಿಗೆ ಕಲ್ಲಿನ ಮೆಟ್ಟಿಲುಗಳಿದ್ದವು, ಥೇಟ್ ಹೊಳೆಯ ದಂಡೆಗಿರುವಂಥವು. ಹೊಳೆ ಯಾವ ವರ್ಷ ಯಾವ ಓಣಿಗೆ ಬರುತ್ತದೋ ಯಾರಿಗೂ ಗೊತ್ತಿರುತ್ತಿರಲಿಲ್ಲ. ಬಂದಾಗ ಇಳಿಯಲಿಕ್ಕೆ ಮೆಟ್ಟಿಲು ಬೇಕಲ್ಲ. ಬಂದ ವರ್ಷ ಆ ಓಣಿಯವರು ಎದುರುಮನೆಗೆ ಮೊಸರಿನ ಹೆಪ್ಪು ಕೇಳಲು ಹೋಗಬೇಕಾದರೂ ಹರಿಗೋಲು ಹತ್ತುತ್ತಿದ್ದರು. ಬಾರದ ವರ್ಷ ಅದೇ ಓಣಿಯ ಒಣ ಉಸುಕಿನ ಮೇಲೆ ಮದುವೆಯ ಹಂದರ ಹಾಕುತ್ತಿದ್ದರು. ಅಂಬಿಗರು ಮಾತ್ರ ಸ್ವಂತ ಮನೆ ಕಟ್ಟಿಸುವ ಗೋಜಿಗೆ ಹೋಗಲಿಲ್ಲ. ಹೊಳೆ ಎದ್ದುಹೋದ ಕಡೆಗೆ ಪಾತ್ರೆಪಗಡೆ ಹೊತ್ತುಕೊಂಡು ಹೋಗಿ ಬಾಡಿಗೆಗೆ ಇರುತ್ತಿದ್ದರು.

ಹುಲಿಕುರಿ ಆಟದಲ್ಲಿ ಗೆದ್ದ ಓಣಿಗೆ ಹೊಳೆ ಬರುತ್ತಿತ್ತು. ಆಟ ನಿಮಗೂ ಗೊತ್ತಿರಬಹುದು. ನೆಲದ ಮೇಲೆ ಗೀಟು ಹಾಕಿದ ಮನೆ, ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯ ಮೇಲಿಂದ ಹಾರಿ ಅದನ್ನು ತಿನ್ನುತ್ತದೆ. ಕುರಿಗಳು ಒಂದಕ್ಕೊಂದು ಆತು ನಿಂತು ಹುಲಿ ಅಲುಗದಂತೆ ಕಟ್ಟಿಹಾಕುತ್ತವೆ. ನಾನು ಸಣ್ಣವಳಿದ್ದಾಗ ಓಣಿಯ ಪರವಾಗಿ ಮನುಷ್ಯರೇ ಕೂತು ಆಡುತ್ತಿದ್ದರು. ಸೋತವರು ಗೆದ್ದವನ ಮನೆಗೆ ಬೆಂಕಿ ಇಟ್ಟ ವರ್ಷ ಹಿರಿಯರೆಲ್ಲ ಸೇರಿ, ಇನ್ನು ಮನುಷ್ಯರು ಆಡುವುದು ಬೇಡ, ಕಂಪ್ಯೂಟರ್ ಆಡಲಿ, ಅದಕ್ಕೆ ಓಣಿ ಇಲ್ಲ, ದಾಯಾದಿ ಇಲ್ಲ ಎಂದು ತೀರ್ಮಾನಿಸಿದರು. ಅಂದಿನಿಂದ ಪ್ರತಿ ಓಣಿಯೂ ತನ್ನದೊಂದು ಪ್ರೋಗ್ರಾಮ್ ಬರೆಸಿ, ಅದಕ್ಕೆ ಎತ್ತಿಗೆ ಇಟ್ಟಂತೆ ಹೆಸರಿಟ್ಟು, ಆಟಕ್ಕೆ ಕಳಿಸತೊಡಗಿತು. ಯಂತ್ರಕ್ಕೆ ಓಣಿ ಇರಲಿಲ್ಲ, ನಿಜ. ಅದನ್ನು ಬರೆದವರಿಗೆ ಇತ್ತು.

ಹಾಗಾಗಿ ಕಾವಲು ಬೇಕಾಯಿತು. ಆ ಕಾವಲಿನವಳು ನಾನು, ಇಂದ್ರವ್ವ.

ಆಟದ ಚಾವಡಿ ಇದ್ದದ್ದು ಗುಡ್ಡದ ಮೇಲೆ. ದಪ್ಪ ಕಲ್ಲಿನ ಗೋಡೆ, ಒಂದೇ ಬಾಗಿಲು. ಹೊರಗಿನಿಂದ ಒಳಗೆ ಬರುವ ತಂತಿ ಒಂದೂ ಇರಲಿಲ್ಲ. ಕರೆಂಟನ್ನು ಕೂಡ ಬ್ಯಾಟರಿಯಲ್ಲಿ ತುಂಬಿಕೊಂಡು ಒಯ್ಯುತ್ತಿದ್ದೆವು. ಪ್ರೋಗ್ರಾಮ್ ಬರೆದವರು ಅದನ್ನು ಆಟಕ್ಕೆ ಒಂದು ತಿಂಗಳು ಮುಂಚೆ ನನ್ನ ಕೈಗೆ ಕೊಟ್ಟು ಗುಡ್ಡ ಇಳಿಯಬೇಕು. ಮತ್ತೆ ಮೇಲೆ ಹತ್ತುವಂತಿಲ್ಲ. ಚಾವಡಿಯೊಳಗೆ ಪ್ರತಿ ಓಣಿಯ ಪರವಾಗಿ ಒಬ್ಬರು ಕೂರುತ್ತಿದ್ದರು. ಅವರಿಗೆ 'ಕೈ' ಎಂದು ಹೆಸರು. ಎದುರಾಳಿಯ ನಡೆಯನ್ನು ಕೀಲಿಮಣೆಯಲ್ಲಿ ಒತ್ತುವುದು, ತಮ್ಮ ಯಂತ್ರ ತೋರಿಸಿದ ನಡೆಯನ್ನು ಕಲ್ಲಿನ ಮಣೆಯ ಮೇಲೆ ಕಾಯಿ ಎತ್ತಿಟ್ಟು ಆಡುವುದು, ಇಷ್ಟೇ ಅವರ ಕೆಲಸ. ಕೈಯ ಪಕ್ಕದಲ್ಲಿ ಎದುರು ಓಣಿಯ ಹಿರಿಯರೊಬ್ಬರು ಕಣ್ಣು ಮಿಟುಕಿಸದೆ ಕೂತಿರುತ್ತಿದ್ದರು, ಯಂತ್ರ ಹೇಳಿದ್ದೇ ಒಂದು ಕೈ ಆಡಿದ್ದೇ ಒಂದು ಆಗದಿರಲೆಂದು.

ಈ ಕಟ್ಟಳೆಗಳೇನೂ ಒಂದೇ ದಿನ ಹುಟ್ಟಿದ್ದಲ್ಲ. ಒಂದೊಂದರ ಹಿಂದೆಯೂ ಒಬ್ಬೊಬ್ಬ ಕಳ್ಳನಿದ್ದ, ಕಟ್ಟಳೆಗೆ ಅವನದೇ ಹೆಸರಿತ್ತು. ಒಮ್ಮೆ ಗುಡ್ಡದ ಕೆಳಗೆ ಹಲಗೆ ಬಾರಿಸುತ್ತ ನಡೆ ಹೇಳಿಕೊಟ್ಟವನು ಚಂದ್ರಾಮ. ಅವನಿಂದಾಗಿ ಆಟದ ದಿನ ಇಡೀ ಊರೇ ಬಾಯಿಗೆ ಬೀಗ ಹಾಕಿಕೊಂಡು ಕೂರುವ 'ಚಂದ್ರಾಮನ ಕಟ್ಟು' ಬಂತು. ಕೂಸಿಗೆ ಜೋಗುಳ ಹಾಡುವವರೂ ಅಂದು ತೊಟ್ಟಿಲು ತೂಗಿ ಸುಮ್ಮನಾಗುತ್ತಿದ್ದರು. ಇನ್ನೊಮ್ಮೆ ಕಂಬಾರ ಓಣಿಯ ಮರುಳಪ್ಪ ಬೇರೆ ಓಣಿಯ ಪ್ರೋಗ್ರಾಮನ್ನೇ ಕದ್ದು, ಹೆಸರು ಬದಲಿಸಿ ತಂದಿದ್ದ. ಎರಡೂ ಯಂತ್ರಗಳು ಒಂದೇ ಜಾಗದಲ್ಲಿ ಒಂದೇ ತರಹದ ದಡ್ಡ ನಡೆ ಆಡಿ ಸಿಕ್ಕಿಬಿದ್ದವು. ಜಾಣತನ ಇಬ್ಬರಲ್ಲಿ ಹೊಂದಬಹುದು, ದಡ್ಡತನ ಹಾಗೆ ಹೊಂದುವುದಿಲ್ಲ. ಸಿಕ್ಕಿಬಿದ್ದ ಓಣಿಗೆ ಒಂದು ತಲೆಮಾರು ಆಟವಿಲ್ಲ. ಆಟವಿಲ್ಲವೆಂದರೆ ಹೊಳೆಯಿಲ್ಲ. ಕಂಬಾರ ಓಣಿಯ ಮಕ್ಕಳಿಗೆ ಈಜು ಬರುತ್ತಿರಲಿಲ್ಲ.

ಕಾವಲಿಗೆ ಬರುವವರು ತಮ್ಮ ಓಣಿ ಬಿಟ್ಟು ಬರಬೇಕು. ಹಾಗೆ ಬಿಟ್ಟವರನ್ನು ಆ ಓಣಿಯೂ ತಿರುಗಿ ಕರೆದುಕೊಳ್ಳುವಂತಿಲ್ಲ, ಬೇರೆ ಓಣಿಯೂ ಸೇರಿಸಿಕೊಳ್ಳುವಂತಿಲ್ಲ. ನಾನು ಬಿಟ್ಟು ಬಂದದ್ದು ಬಣ್ಣಗಾರ ಓಣಿಯನ್ನು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಗುಡ್ಡದ ಮೇಲಿನ ಒಂಟಿ ಕೋಣೆ ನನಗೆ ಭಾರವೇನೂ ಆಗಲಿಲ್ಲ. ಓಣಿಯಲ್ಲಿ ಉಳಿದವನು ನಮ್ಮಣ್ಣ ದುಂಡಪ್ಪ.

ಅಣ್ಣನ ವಿಷಯ ಹೇಳಬೇಕು. ಮನುಷ್ಯರು ಆಡುತ್ತಿದ್ದ ಕಾಲದ ಕೊನೆಯ ಎರಡು ವರ್ಷ ನಮ್ಮ ಓಣಿಗೆ ಹೊಳೆ ತಂದವನು ಅವನೇ. ಆಗ ಅವನಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಬೆಂಕಿ ಬಿದ್ದದ್ದು ನಮ್ಮ ಮನೆಗೇ. ಅಂದಿನಿಂದ ಮನುಷ್ಯರು ಕೂತು ಆಡುವುದೇ ತಪ್ಪು ಎಂದಾಗಿ, ಮಣೆಯ ಮುಂದೆ ಕೂತರೆ ಅಕ್ಕಪಕ್ಕದವರು ಅನುಮಾನದಿಂದ ನೋಡುವಂತಾಯಿತು. ಅವನು ಆಟವನ್ನು ಬಿಟ್ಟು ಬಣ್ಣದ ಹಂಡೆಯ ಮುಂದೆ ಕೂತ. ಅವನ ಮೊಣಕೈವರೆಗೆ ಕೆಂಪು, ಎಷ್ಟು ತಿಕ್ಕಿದರೂ ಹೋಗದ್ದು.

ಯಂತ್ರಗಳ ಕಾಲ ಬಂದ ಮೇಲೆ ಬಣ್ಣಗಾರ ಓಣಿಗೆ ಹೊಳೆ ಬಂದದ್ದು ಅಪರೂಪ. ಬಾವಿಯ ನೀರಿನಲ್ಲಿ ತೊಳೆದರೆ ನೂಲಿಗೆ ಬಣ್ಣ ಹಿಡಿಯುತ್ತಿರಲಿಲ್ಲ. ಕೊಳ್ಳುವವರು ಬೇರೆ ಊರು ಹಿಡಿದರು. ಹರೆಯದವರು ಗಾಣಿಗರ ಓಣಿಯಲ್ಲಿ ಹಿಂಡಿ ಹೊರಲು ಹೋಗತೊಡಗಿದರು. ಆಗ ಆ ಓಣಿಗೆ ಸೊಸೆಯಾಗಿ ಬಂದವಳು ಮಹಾನಂದಾ. ಶಾಲೆಯಲ್ಲಿ ಲೆಕ್ಕ ಕಲಿಸುವವಳು, ಮಾತು ಕಡಿಮೆ. ಅವಳು ಬರೆದ ಪ್ರೋಗ್ರಾಮಿಗೆ ಓಣಿಯವರು ಕೆಂಪು ಬಣ್ಣದ ಬೇರಿನ ಹೆಸರಿಟ್ಟರು, 'ಮಂಜಿಷ್ಠ' ಎಂದು. ಅದು ಮೊದಲ ವರ್ಷವೇ ಒಂದೊಂದಾಗಿ ಎಲ್ಲರನ್ನೂ ಸೋಲಿಸಿ ಕೊನೆಯ ಆಟಕ್ಕೆ ಬಂತು. ಎದುರಿಗೆ ಗಾಣಿಗರ ಓಣಿಯ 'ಗಾಣ'. ಹಿಂದಿನ ವರ್ಷ ಗೆದ್ದದ್ದೂ ಅದೇ, ಹೊಳೆ ಇದ್ದದ್ದೂ ಆ ಓಣಿಯಲ್ಲೇ. ಬಣ್ಣಗಾರ ಓಣಿಯ ಕೈಯಾಗಿ ಕೂತವನು ನಮ್ಮಣ್ಣ. ಗಾಣಿಗರ ಕೈ ಫಕೀರವ್ವ ಎಂಬ ಹೆಣ್ಣುಮಗಳು, ಟೈಪಿಂಗ್ ಪಾಸಾದವಳು, ಅವಳ ಬೆರಳು ಕೀಲಿಮಣೆಯ ಮೇಲೆ ಅಳ್ಳು ಹುರಿದಂತೆ ಸದ್ದು ಮಾಡುತ್ತಿತ್ತು.

ಚೀಟಿ ಎತ್ತಿದಾಗ ಗಾಣಕ್ಕೆ ಹುಲಿ ಬಂತು, ಮಂಜಿಷ್ಠಕ್ಕೆ ಕುರಿ.

ಬೆಳಿಗ್ಗೆ ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಮಂಜಿಷ್ಠ ಒಂದು ನಡೆ ಆಡಿತು. ಸುಮ್ಮನೆ ಒಂದು ಕುರಿಯನ್ನು ಹುಲಿಯ ಬಾಯಿಗೆ ಕೊಟ್ಟು, ಆ ಹುಲಿ ತಿನ್ನಲು ಹಾರಿ ಬಂದ ಮೂಲೆಯಲ್ಲೇ ಅದನ್ನು ಮುಚ್ಚತೊಡಗಿತು. ಚಾವಡಿಯಲ್ಲಿದ್ದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನಡೆಯನ್ನು ನಾನು ಮೊದಲೇ ನೋಡಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ನೆಲದ ಮೇಲೆ ಇದ್ದಿಲಿನಿಂದ ಗೀಟು ಹಾಕಿ, ಹುಣಸೆಬೀಜ ಇಟ್ಟು ಅಣ್ಣ ನನಗೆ ಕಲಿಸಿದ ನಡೆ ಅದು.

ಯಂತ್ರವೂ ತಾನಾಗಿ ಅದನ್ನು ಕಂಡುಕೊಂಡಿರಬಹುದು ಎಂದುಕೊಂಡೆ. ಎದ್ದುಹೋಗಿ ಯಂತ್ರಕ್ಕೆ ನಾನೇ ಹಾಕಿದ್ದ ಮೊಹರು ನೋಡಿದೆ, ಒಡೆದಿರಲಿಲ್ಲ. ಮೇಜಿನ ಕೆಳಗೆ ಕೈಯಾಡಿಸಿದೆ; ಏನೂ ಇರಲಿಲ್ಲ. ಬಂದು ಅಣ್ಣನ ಬೆನ್ನ ಹಿಂದೆ ನಿಂತೆ. ನಡೆ ಆಡುವ ಮೊದಲು ಯಂತ್ರ ತನಗೆ ಒಳ್ಳೆಯದೆನಿಸಿದ ಮೂರು ನಡೆಗಳನ್ನು ಪರದೆಯ ಮೇಲೆ ತೋರಿಸಿ, ಅದರಲ್ಲಿ ಒಂದನ್ನು ಆರಿಸುತ್ತಿತ್ತು. ಬಹಳ ಸಲ ಮೊದಲನೆಯದೇ. ಅಣ್ಣ ಎದುರಾಳಿಯ ನಡೆಯನ್ನು ಒತ್ತುವುದನ್ನು ನೋಡುತ್ತ ನಿಂತೆ. ಒಂದು ನಡೆಗೆ ಎರಡು ಕೀಲಿ. ಒಂದನ್ನು ಒತ್ತಿದ, ಕೂಡಲೇ ಇನ್ನೊಂದನ್ನು. ಯಂತ್ರ ಮೊದಲನೆಯದನ್ನು ಆರಿಸಿತು. ಮುಂದಿನ ಸಲ ಒಂದು ಕೀಲಿ ಒತ್ತಿ, ಬೆರಳು ನೋವಾದವರ ಹಾಗೆ ಕೈ ಕೊಡವಿ, ಆಮೇಲೆ ಇನ್ನೊಂದನ್ನು ಒತ್ತಿದ. ಯಂತ್ರ ಎರಡನೆಯದನ್ನು ಆರಿಸಿತು. ಮತ್ತೊಮ್ಮೆ ಇನ್ನಷ್ಟು ತಡ ಮಾಡಿದ. ಯಂತ್ರ ಮೂರನೆಯದನ್ನು ಆರಿಸಿತು. ಒತ್ತಿದ ಕೀಲಿಯಲ್ಲಿ ತಪ್ಪಿಲ್ಲ, ಆಡಿದ ಕಾಯಿಯಲ್ಲಿ ತಪ್ಪಿಲ್ಲ. ಎರಡು ಕೀಲಿಗಳ ನಡುವಿನ ತಡದಲ್ಲಿ ಅವನು ಯಂತ್ರಕ್ಕೆ ಮಾತು ಹೇಳುತ್ತಿದ್ದ, ಯಂತ್ರ ಕೇಳುತ್ತಿತ್ತು. ಪಕ್ಕದಲ್ಲಿ ಕೂತ ಗಾಣಿಗರ ಹಿರಿಯ ಈರಭದ್ರ ಪರದೆಯನ್ನೂ ಮಣೆಯನ್ನೂ ಬಿಟ್ಟು ಬೇರೆ ಕಡೆ ನೋಡಿರಲಿಲ್ಲ. ತಡವನ್ನು ಯಾರು ನೋಡುತ್ತಾರೆ?

ಊಟದ ಬಿಡುವಿಗೆ ಆಟ ನಿಂತಾಗ ಎರಡು ಹುಲಿಗಳು ಅಲುಗದಂತೆ ಕಟ್ಟಿಹೋಗಿದ್ದವು. ಮೂರನೆಯದಕ್ಕೆ ಉಳಿದದ್ದು ಸ್ವಲ್ಪವೇ ಜಾಗ. ಕೈಗಳ ಜೊತೆ ಮಾತಾಡುವ ಹಕ್ಕು ಕಾವಲಿನವರಿಗೆ ಇತ್ತು. ಅಣ್ಣನನ್ನು ಹಿಂದಿನ ಪಡಸಾಲೆಗೆ ಕರೆದೆ.

"ಬೆರಳ ನೋಯಾಕತ್ತಾವೇನು?" ಎಂದೆ.

"ವಯಸ್ಸಾತಲ್ಲ."

"ಕುರಿ ಕೊಟ್ಟು ಮೂಲಿ ಮುಚ್ಚಿದ್ದು ಯಾರ ನಡಿ ಅಣ್ಣಾ?"

ಅವನು ಗೋಡೆಗೆ ಒರಗಿ ಕೂತ. ಆಮೇಲೆ, "ಮಾನಂದಾಗ ಏನೂ ಅನಬ್ಯಾಡ. ಆಕಿ ಒಲ್ಲೆ ಅಂದಿದ್ಲು. ನಾನ ಬೆನ್ನ ಹತ್ತಿ ಬರಸೀನಿ" ಎಂದ.

"ಯಾಕ?"

"ಯಾಕಂದ್ರ? ಓಣಿ ಕಡೆ ಒಮ್ಮೆರ ಇಳದ ನೋಡೀಯೇನ ನೀ? ಕೆಂಪ ಅದ್ದಿದ್ರ ಇಟ್ಟಂಗಿ ಬಣ್ಣ ಬರತೈತಿ. ಹಳದಿ ಅದ್ದಿದ್ರ ರೋಗ ಹತ್ತಿದಂಗ ಕಾಣತೈತಿ. ಅದನ್ನ ಯಾರ ಉಡತಾರ?" ಎಂದವನು ತಲೆ ತಗ್ಗಿಸಿ, "ಅದಷ್ಟ ಅಲ್ಲ ಇಂದ್ರಾ. ನಿನ್ನ ಮುಂದ ಸುಳ್ಳ ಯಾಕ ಹೇಳ್ಲಿ. ನನಗ ಆಡಬೇಕಿತ್ತು. ಸಾಯೂದ್ರೊಳಗ ಒಂದ ಸಲ, ಖರೇ ಆಟ. ಇವತ್ತ ಮುಂಜಾನಿಂದ ನಾ ಎಷ್ಟ ಸುಖದಾಗ ಅದೇನಿ ಅಂತ ನಿನಗ ಗೊತ್ತಿಲ್ಲ" ಎಂದ.

ನನಗೆ ಗೊತ್ತಿತ್ತು. ಅವನ ಮುಖ ಚಿಕ್ಕಂದಿನ ಹಾಗೆ ಕಾಣುತ್ತಿತ್ತು.

"ಹೇಳಿಬಿಡ್ತೀಯೇನು?" ಎಂದು ಕೇಳಿದ.

"ಹೇಳಿದ್ರ ಓಣಿ ಉಳಿಯೂದಿಲ್ಲ."

"ಹೇಳದಿದ್ರ?"

"ಊಟಾ ಮಾಡಿ ಬಾ. ಹೊತ್ತಾತು."

ಅವನು ಹೋದ ಮೇಲೆ ನಾನು ಅಲ್ಲೇ ನಿಂತಿದ್ದೆ. ಕೆಳಗೆ ಊರು ಉಸಿರು ಬಿಗಿಹಿಡಿದು ಕೂತಿತ್ತು. ಬಣ್ಣಗಾರ ಓಣಿಯವರು ಆಗಲೇ ಉಸುಕಿನ ಮೇಲಿದ್ದ ಹೊರಸು ಮಂಚಗಳನ್ನು ಒಳಗೆಳೆದು, ಕರುಗಳನ್ನು ಕಟ್ಟೆಯ ಮೇಲೆ ಕಟ್ಟಿ, ನೂಲಿನ ಹೊರೆಗಳನ್ನು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟದ್ದು ಗುಡ್ಡದಿಂದ ಕಾಣುತ್ತಿತ್ತು. ಅವರ ಹಿರಿಯಳು ತಿಪ್ಪವ್ವ ಚಾವಡಿಯಲ್ಲಿ ಫಕೀರವ್ವನ ಪಕ್ಕ ಕೂತವಳು. ಎರಡು ಹುಲಿ ಕಟ್ಟಿದ ಸುದ್ದಿಯನ್ನು ಬಾಗಿಲಿಗೆ ಬಂದು ಎರಡು ಬೆರಳೆತ್ತಿ ಕೆಳಗೆ ತೋರಿಸಿದ್ದಳು. ಸುಮ್ಮನಿದ್ದುಬಿಟ್ಟರೆ ಸಂಜೆಗೆ ಹೊಳೆ ಬರುತ್ತಿತ್ತು. ಹೊಳೆಗೆ ಗೆದ್ದವರಾರು ಎಂಬುದಷ್ಟೇ ಬೇಕು, ಹೇಗೆ ಗೆದ್ದರು ಎಂಬುದು ಬೇಡ. ಅದನ್ನು ಕೇಳಬೇಕಾದವಳು ನಾನೊಬ್ಬಳೇ.

ಕಾವಲಿನವರಿಗೆ ಇನ್ನೊಂದು ದಾರಿ ಇತ್ತು. ಇದ್ದರೂ ಅದನ್ನು ಯಾರೂ ಹಿಡಿದಿರಲಿಲ್ಲ. ಕಾರಣ ಹೇಳದೆ ಆಟವನ್ನು ಅಳಿಸಿ, ಬೇಕಾದರೆ ಕೈಗಳನ್ನೂ ಬದಲಿಸಿ, ಹೊಸದಾಗಿ ಆಡಿಸಬಹುದು. ಹಾಗೆ ಮಾಡಿದವರು ಅಂದೇ ಕಾವಲು ಬಿಡಬೇಕು. ಕಾವಲು ಬಿಟ್ಟವರಿಗೆ ಊರಿನಲ್ಲಿ ಓಣಿ ಇಲ್ಲದ್ದರಿಂದ, ಊರನ್ನೂ ಬಿಡಬೇಕು.

ಎಲ್ಲರೂ ಬಂದು ಕೂತ ಮೇಲೆ ನಾನು ಮಣೆಯ ಹತ್ತಿರ ಹೋಗಿ ಕಾಯಿಗಳನ್ನು ಬಳಿದು ಬುಟ್ಟಿಗೆ ಹಾಕಿದೆ. "ಈ ಆಟ ಅಳಿಸೇನಿ. ಮೊದಲಿಂದ ಆಡಬೇಕು. ಎರಡೂ ಕೈ ಅದಲುಬದಲಾಗಿ ಕೂಡಬೇಕು" ಎಂದೆ.

ತಿಪ್ಪವ್ವ ಎದ್ದು ನಿಂತಳು. "ಯಾಕ? ಏನ್ ತಪ್ಪಾತು?"

"ಕಾರಣ ಹೇಳೂದಿಲ್ಲ."

"ಎರಡ ಹುಲಿ ಕಟ್ಟೈತಿ ನಮ್ಮ ಮಂಜಿಷ್ಠ! ಇಂದ್ರಾ, ನೀ ನಮ್ಮ ಓಣ್ಯಾಗ ಹುಟ್ಟಿದಾಕಿ..."

"ಕಾವಲಿನಾಕಿಗೆ ಓಣಿ ಇಲ್ಲ ತಿಪ್ಪವ್ವಾ."

ಈರಭದ್ರನಿಗೂ ಗಾಬರಿಯಾಗಿತ್ತು. ತನಗೇ ಲಾಭವಾದರೂ ಅವನು ನ್ಯಾಯದ ಮನುಷ್ಯ. "ಅವ್ವಾರ, ಕಾರಣ ಹೇಳದಿದ್ರ ನೀವು ಸಂಜೀಕ ಕಾವಲು ಬಿಡಬೇಕಾಗತೈತ್ರಿ" ಎಂದು ಮೆಲ್ಲಗೆ ನೆನಪಿಸಿದ.

"ಗೊತ್ತೈತ್ರಿ" ಎಂದೆ.

ಅಣ್ಣ ನನ್ನನ್ನೇ ನೋಡುತ್ತಿದ್ದ. ನಾನು ಅವನ ಕಡೆ ನೋಡಲಿಲ್ಲ.

ಕೈಗಳು ಬದಲಾದವು. ಈಗ ಮಂಜಿಷ್ಠದ ಮುಂದೆ ಫಕೀರವ್ವ. ಗಾಣದ ಮುಂದೆ ಅಣ್ಣ. ಫಕೀರವ್ವನ ಬೆರಳಿಗೆ ತಡ ಎಂಬುದೇ ಗೊತ್ತಿರಲಿಲ್ಲ, ಹಾಗಾಗಿ ಮಂಜಿಷ್ಠ ಪ್ರತಿ ಸಲವೂ ಪರದೆಯ ಮೊದಲ ನಡೆಯನ್ನೇ ಆಡಿತು. ಚೆನ್ನಾಗಿಯೇ ಆಡಿತು ಎನ್ನಬೇಕು. ಮಹಾನಂದಾ ಬರೆದದ್ದರಲ್ಲಿ ಹುರುಳಿತ್ತು. ಒಂದು ಹುಲಿಯನ್ನು ಕಟ್ಟಿತು, ಎರಡನೆಯದನ್ನು ಕಟ್ಟುವುದರಲ್ಲಿತ್ತು. ಅಷ್ಟರಲ್ಲಿ ಸಾಲಿನಲ್ಲಿ ಒಂದು ಸಂದು ಬಿಟ್ಟಿತು. ಆ ಸಂದನ್ನು ಅಣ್ಣ ಯಂತ್ರಕ್ಕಿಂತ ಮೊದಲೇ ಕಂಡ. ಅವನ ಕುತ್ತಿಗೆಯ ನರ ಬಿಗಿದದ್ದು ನನಗೆ ಕಂಡಿತು. ಗಾಣ ನಿಧಾನಕ್ಕೆ ಯೋಚಿಸಿ ಅದೇ ಸಂದನ್ನು ತೋರಿಸಿತು. ಅಣ್ಣ ಬೇಕೆಂದಿದ್ದರೆ ಕಾಯಿ ತಪ್ಪಿಸಿ ಇಟ್ಟು ಗದ್ದಲ ಎಬ್ಬಿಸಬಹುದಿತ್ತು. ಎಬ್ಬಿಸಲಿಲ್ಲ. ತನ್ನ ಕೆಂಪು ಕೈಯಿಂದಲೇ ಹುಲಿಯನ್ನು ಎತ್ತಿ ಕುರಿಯ ಮೇಲಿಂದ ದಾಟಿಸಿ ಇಟ್ಟ. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ತಾನು ತಿಂದ ಕುರಿಗಳನ್ನು ಒಂದೊಂದಾಗಿ ಮಣೆಯ ಆಚೆ ಸಾಲಾಗಿ ಇಡುತ್ತ ಹೋದ. ತಿಪ್ಪವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಂಜೆ ಗುಡ್ಡದ ತುದಿಗೆ ಬಂದು ನಾನು ಹೊಳೆಗೆ ಕೇಳುವಂತೆ ಗೆದ್ದ ಗಾಣಿಗರ ಓಣಿಯ ಹೆಸರು ಕೂಗಿದೆ. ಅದೇ ನನ್ನ ಕೊನೆಯ ಕೂಗು. ಹೊಳೆ ಮೊದಲೇ ಅಲ್ಲಿದ್ದುದರಿಂದ ಏಳಲಿಲ್ಲ, ಅಲುಗಲಿಲ್ಲ. ಬಣ್ಣಗಾರ ಓಣಿಯವರು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಹಾಗೆಯೇ ಕೂತಿದ್ದು, ಆಮೇಲೆ ಒಬ್ಬೊಬ್ಬರಾಗಿ ಎದ್ದು ಹೊರಸುಗಳನ್ನು ಮತ್ತೆ ಹೊರಗೆ ತಂದರು.

ಮರುದಿನ ಬೆಳಿಗ್ಗೆ ಟ್ರಂಕು ಹೊತ್ತು ಗುಡ್ಡ ಇಳಿದೆ. ಊರಿನಿಂದ ಹೊರಗೆ ಹೋಗುವ ದಾರಿ ಬಣ್ಣಗಾರ ಓಣಿಯೊಳಗಿಂದಲೇ ಹಾಯುತ್ತದೆ. ಉಸುಕಿನಲ್ಲಿ ಕಾಲು ಹೂತು ನಡೆಯುವುದು ಕಷ್ಟವಾಗುತ್ತಿತ್ತು. ಎರಡೂ ಕಡೆಯ ಮೆಟ್ಟಿಲುಗಳ ಮೇಲೆ ಜನ ನಿಂತಿದ್ದರು. ನಾನು ಎತ್ತಿ ಆಡಿಸಿದ ಹುಡುಗಿಯರು, ಈಗ ತಾಯಂದಿರಾಗಿದ್ದವರು, ಮುಖ ತಿರುಗಿಸಿಕೊಂಡರು. ತಿಪ್ಪವ್ವ ತನ್ನ ಬಾಗಿಲಲ್ಲಿ ನಿಂತು, "ಹುಟ್ಟಿದ ಮನೀಗೆ ಮಣ್ಣ ಹಾಕಿದಿ. ಬಾಳ ಪುಣ್ಯಾ ಬರತೈತಿ ನಿನಗ" ಎಂದಳು. ಹಿಂದಿನಿಂದ ಯಾರೋ ಉಗುಳಿದರು.

ಆಗ ಅಣ್ಣ ಮನೆಯಿಂದ ಇಳಿದು ಬಂದ. ನನ್ನ ತಲೆಯ ಮೇಲಿನ ಟ್ರಂಕನ್ನು ಇಳಿಸಿ ತನ್ನ ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದ.

"ಏ ದುಂಡಪ್ಪಾ," ತಿಪ್ಪವ್ವ ಕೂಗಿದಳು, "ಓಣಿ ಮುಳುಗಿಸಿದಾಕಿ ಪೆಟ್ಟಿಗಿ ನೀ ಹೊರತೀಯೇನೋ?"

ಅಣ್ಣ ನಿಂತ. ಟ್ರಂಕಿನ ಭಾರಕ್ಕೆ ಕುತ್ತಿಗೆ ತಿರುಗಿಸಲಾಗದೆ ಇಡೀ ಮೈಯನ್ನೇ ಅವಳ ಕಡೆ ತಿರುಗಿಸಿದ. "ನಾ ಹೊರಬೇಕಾದ್ದ ಆಕಿ ಹೊತ್ತಾಳವ್ವಾ. ಇದೇನ ದೊಡ್ಡದು" ಎಂದ.

ತಿಪ್ಪವ್ವನ ಕಣ್ಣು ಅಣ್ಣನ ಮುಖದಿಂದ ಅವನ ಬೆರಳುಗಳಿಗೆ ಇಳಿಯಿತು. ಹಿಂದಿನ ದಿನ ಅವಳೂ ಚಾವಡಿಯಲ್ಲಿ ಕೂತವಳೇ, ಎರಡೂ ಆಟ ನೋಡಿದವಳೇ. ಓಣಿಯ ಉಳಿದವರಿಗೆ ಏನು ತಿಳಿಯಿತೋ ಏನು ಬಿಟ್ಟಿತೋ ನಾನರಿಯೆ. ತಿಪ್ಪವ್ವ ಮೆಟ್ಟಿಲಿಳಿದು ಉಸುಕಿಗೆ ಬಂದು, ನಾವು ದಾಟಿ ಹೋಗುವವರೆಗೆ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು.

ಓಣಿಯ ಕೊನೆಯಲ್ಲಿ ಮಹಾನಂದಾ ಎದುರಾದಳು. ಅವಳ ಕೈಯಲ್ಲೂ ಒಂದು ಗಂಟು ಇತ್ತು.

"ಎಲ್ಲಿಗಿ?" ಎಂದೆ.

"ಗುಡ್ಡಕ್ಕರಿ. ಕಾವಲಿಗೆ ಎಲ್ಲಾರೂ ಒಲ್ಲೆ ಅಂದ್ರಂತ. ನಾ ಹೊಕ್ಕೀನಿ ಅಂತ ಹೇಳಿ ಕಳಿಸೀನಿ."

"ಓಣಿ ಬಿಡಬೇಕಾಗತೈತಿ. ಗಂಡನ್ನೂ."

"ಮಾತಾಡೀವ್ರಿ ಇಬ್ರೂ." ಅವಳ ಕಣ್ಣುಗಳು ಬಾತಿದ್ದವು. "ನಾ ಬರದದ್ದನ್ನ ಇನ್ನೊಬ್ರು ಬರೀದಂಗ ನೋಡೂದು ನನಗ ಗೊತ್ತೈತ್ರಿ. ಬ್ಯಾರೆ ಯಾರಿಗೂ ಗೊತ್ತಿಲ್ಲ."

ಮುಂದಿನ ವರ್ಷ ಅವಳು ಹೊಸ ಕಟ್ಟಳೆಯೊಂದನ್ನು ತಂದಳೆಂದು ಆಮೇಲೆ ಕೇಳಿದೆ. ಕೈ ಒತ್ತಿದ ನಡೆ ನೇರವಾಗಿ ಯಂತ್ರಕ್ಕೆ ಹೋಗುವುದಿಲ್ಲವಂತೆ. ನಡುವೆ ಒಂದು ಪೆಟ್ಟಿಗೆಯಲ್ಲಿ ನಿಂತು, ಗಂಟೆ ಹೊಡೆದ ಮೇಲೆ ಒಮ್ಮೆಲೇ ಇಡಿಯಾಗಿ ಹೋಗುತ್ತದಂತೆ. ಒತ್ತಿದವರ ಬೆರಳು ಚುರುಕೋ ಮಂದವೋ ಯಂತ್ರಕ್ಕೆ ತಿಳಿಯುವುದೇ ಇಲ್ಲ. ಅದಕ್ಕೆ ಒಂದು ಹೆಸರು ಬೇಕಲ್ಲ, ಊರವರು 'ಇಂದ್ರವ್ವನ ಕಟ್ಟು' ಎಂದು ಕರೆದರಂತೆ. ಕಳ್ಳರ ಸಾಲಿನಲ್ಲಿ ನನ್ನ ಹೆಸರೂ ಸೇರಿತು. ಮಹಾನಂದಾ ಬೇಡವೆಂದರೂ ಯಾರೂ ಕೇಳಲಿಲ್ಲವಂತೆ. ಇರಲಿ. ಇನ್ನೊಬ್ಬನ ಹೆಸರು ಸೇರಲಿಲ್ಲವಲ್ಲ.

ಈಗ ನಾನಿರುವ ಊರಿನಲ್ಲಿ ಹೊಳೆ ಇದ್ದಲ್ಲೇ ಇರುತ್ತದೆ. ಯಾರೂ ಅದಕ್ಕಾಗಿ ಆಡುವುದಿಲ್ಲ. ಜನ ಅದರ ಕಡೆಗೆ ಬೆನ್ನು ಹಾಕಿ ಮನೆ ಕಟ್ಟಿಕೊಂಡಿದ್ದಾರೆ. ನಮ್ಮೂರಿನ ವಿಷಯ ಹೇಳಿದರೆ ಇಲ್ಲಿಯವರು ನಗುತ್ತಾರೆ, ನಾನೂ ಹೇಳುವುದನ್ನು ಬಿಟ್ಟಿದ್ದೇನೆ.

ಒಂದು ದಿನ ಅಣ್ಣ ಬಂದ. ಕತ್ತೆಯ ಮೇಲೆ ಹಸಿ ಬಣ್ಣದ ನೂಲಿನ ಹೊರೆಗಳು. ಉಂಡು ಸುಧಾರಿಸಿಕೊ ಎಂದರೂ ಕೇಳದೆ ನೇರವಾಗಿ ಹೊಳೆಗೆ ಇಳಿದ. ಮೊಣಕಾಲವರೆಗಿನ ನೀರಿನಲ್ಲಿ ಸುಮ್ಮನೆ ನಿಂತಿದ್ದ, ನಂಬಿಕೆ ಬಾರದವರ ಹಾಗೆ. ಆಮೇಲೆ ನೂಲು ಬಿಚ್ಚಿ ಒಂದೊಂದೇ ಲಡಿಯನ್ನು ನೀರಿಗೆ ಬಿಡತೊಡಗಿದ. ನಾನು ದಂಡೆಯ ಮೇಲೆ ಕೂತು ಹಿಂಡಿದ್ದನ್ನು ಹರವಿದೆ. ಮಧ್ಯಾಹ್ನದ ಹೊತ್ತಿಗೆ ನೂಲು ಬಿಸಿಲಿಗೆ ಒಣಗಿ, ನಾನು ಚಿಕ್ಕಂದಿನಲ್ಲಿ ಕಂಡಿದ್ದ ಕೆಂಪು ಅದರಲ್ಲಿ ಎದ್ದು ಬಂತು.

ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತು ಕೂಗಿದಳು: "ಯಾರ್ರೀ ಅಂವಾ, ಹೊಳಿ ತುಂಬ ಕೆಂಪ ಮಾಡಿ ಇಟ್ಟಾಂವಾ?"

"ನಮ್ಮಣ್ಣರೀ" ಎಂದೆ.